ಅಟ್ಟದ ಮೇಲಿನ ಚರಿತ್ರೆ

ಚರಿತ್ರೆಯೆಂದರೆ ರಾಜರ ಪಟ್ಟಾಭಿಷೇಕ, ಯುದ್ಧ, ಒಪ್ಪಂದ ಇವುಗಳ ವರದಿಯೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನೆಂಬುದು ಶಾಸನದಿಂದ ತಿಳಿಯುತ್ತದೆ. ಆದರೆ ಆ ಗುಡಿಯ ಕಲ್ಲನ್ನು ಎಳೆದವರ ಮನೆಯಲ್ಲಿ ಯಾವ ಪಾತ್ರೆಗಳಿದ್ದುವು, ಅವರ ಹೆಂಗಸರು ಏನನ್ನು ಉಟ್ಟು ಏನನ್ನು ತೊಟ್ಟರು, ಬರ ಬಂದಾಗ ಯಾವುದನ್ನು ಮೊದಲು ಮಾರಿದರು ಎಂಬುದನ್ನು ಯಾವ ಶಿಲೆಯೂ ಹೇಳುವುದಿಲ್ಲ. ಇಂಥ ಪ್ರಶ್ನೆಗಳನ್ನು ಅಷ್ಟು ಹಿಂದಿನ ಕಾಲಕ್ಕೆ ಕೇಳಿ ಪ್ರಯೋಜನವಿಲ್ಲ. ಕಳೆದ ನೂರೈವತ್ತು ಇನ್ನೂರು ವರ್ಷಗಳ ಮಟ್ಟಿಗಾದರೂ ಉತ್ತರ ದೊರೆಯುವ ಒಂದು ಸ್ಥಳ ಉಂಟು. ಅದು ಮನೆಯ ಅಟ್ಟ.

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಗಳ ಹಳೆಯ ಮನೆಗಳಲ್ಲಾಗಲಿ, ಹರಿಹರದ ದೇವಸ್ಥಾನದ ಸುತ್ತಿನ ಬೀದಿಗಳಲ್ಲಾಗಲಿ ಅಟ್ಟ ಹತ್ತಿ ನೋಡಿದರೆ ಕಣ್ಣಿಗೆ ಬೀಳುವ ವಸ್ತುಗಳು ಬಹುಮಟ್ಟಿಗೆ ಒಂದೇ ಬಗೆಯವು. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಸೇರು ಪಾವುಗಳ ಅಳತೆ, ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕ, ಹುಳು ತಿಂದ ಕಂಬಳಿ, ಕೌದಿ, ಮುರಿದ ಚರಕ, ಇವೆಲ್ಲವುಗಳ ನಡುವೆ ಬೀಗ ಹಾಕಿದ ಒಂದು ತಗಡಿನ ಟ್ರಂಕು. ಆ ಟ್ರಂಕಿನಲ್ಲಿ ಹಿರಿಯರು ಬಿಟ್ಟುಹೋದ ಒಡವೆ, ಬಟ್ಟೆ, ಕಾಗದಗಳು ಇರುತ್ತವೆ. ಇವುಗಳನ್ನು ಮನೆಯವರು ಮನೆಯ ಸ್ವತ್ತೆಂದು ಮಾತ್ರ ಬಲ್ಲರು. ಆದರೆ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ವಿಚಾರಿಸುತ್ತ ಹೋದರೆ, ಅದರ ದಾರಿ ಊರಿನ ಎಲ್ಲೆಯನ್ನು ದಾಟಿ, ಸಮುದ್ರವನ್ನೂ ದಾಟಿ, ಇಂಗ್ಲೆಂಡಿನ ಯಾವುದೋ ಹೊಗೆ ಕವಿದ ಗಿರಣಿ ಊರಿನ ಓಣಿಯನ್ನು ಮುಟ್ಟುತ್ತದೆ. ಬ್ರಿಟಿಷರ ಚರಿತ್ರೆಯೆಂದರೆ ಗವರ್ನರುಗಳ ಚರಿತ್ರೆಯಷ್ಟೇ ಅಲ್ಲ. ಅವರ ನಾಡಿನ ಬಡವರದೂ ಒಂದು ಚರಿತ್ರೆ ಉಂಟು. ಅದು ಅವರ ಗ್ರಂಥಗಳಲ್ಲಿಯೂ ಬಹುಕಾಲ ಮೂಲೆಯಲ್ಲಿಯೇ ಬಿದ್ದಿತ್ತು.

ದಾವಣಗೆರೆ ಮೊದಲಿನಿಂದಲೂ ದೊಡ್ಡ ಊರಲ್ಲ. ಹೈದರಾಲಿಯು ಇದನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆಪೋಜಿರಾಮನು ವರ್ತಕರನ್ನು ಕರೆತಂದು ನೆಲೆಗೊಳಿಸಿದುದರಿಂದ ಪೇಟೆ ಬೆಳೆಯಿತು. ಮಲೆನಾಡಿನ ಅಡಕೆ, ಮೆಣಸುಗಳು ಇಲ್ಲಿಂದ ಎತ್ತಿನ ಮೇಲೆ ಪೂರ್ವದ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದುವು. ಮರಳುವಾಗ ಮದರಾಸಿನ ಬಂದರಿಗೆ ಬಂದ ಸೀಮೆಯ ಸರಕುಗಳು ಬರುತ್ತಿದ್ದುವು. ಸುತ್ತಲ ಕುರುಬರು ನೇಯ್ದ ಕಂಬಳಿಗಳಿಗೂ ಈ ಪೇಟೆ ಹೆಸರಾಗಿತ್ತು. ಹೆಂಗಸರು ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿಗೊಳಿಸಿದ ನೂಲಿನಿಂದ ಗಂಡಸರು ನೇಯ್ದ ಕಂಬಳಿ ಮಳೆಯನ್ನೂ ಚಳಿಯನ್ನೂ ಒಂದೇ ಸಮನೆ ತಡೆಯುತ್ತಿತ್ತು. ಹೀಗೆ ವ್ಯಾಪಾರದಿಂದಲೇ ಬೆಳೆದ ಊರಿನ ಮನೆಗಳಲ್ಲಿ ದೂರದ ವಸ್ತುಗಳು ಬಂದು ಸೇರಿದುದರಲ್ಲಿ ಆಶ್ಚರ್ಯವಿಲ್ಲ.

ಟ್ರಂಕಿನಲ್ಲಿ ಮೊದಲು ಕೈಗೆ ತಗಲುವುದು ಸಾಮಾನ್ಯವಾಗಿ ರೂಪಾಯಿಯ ಸರ. ಬೆಳ್ಳಿಯ ರೂಪಾಯಿಗಳಿಗೆ ಅಕ್ಕಸಾಲಿಗನಿಂದ ಕೊಂಡಿ ಬೆಸೆಯಿಸಿ, ದಾರದಲ್ಲಿ ಪೋಣಿಸಿ, ಹೆಣ್ಣುಮಕ್ಕಳ ಕೊರಳಿಗೆ ಹಾಕುತ್ತಿದ್ದರು. ಲಂಬಾಣಿ ಹೆಂಗಸರ ಉಡುಪಿನ ಮೇಲೆಯೂ ಇಂಥ ನಾಣ್ಯಗಳು ಸಾಲುಗೊಂಡಿರುತ್ತವೆ. 1791-92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಎತ್ತುಗಳ ಮೇಲೆ ದವಸ ಹೊತ್ತು ತಂದವರಲ್ಲಿ ಲಂಬಾಣಿಗರು ಮುಖ್ಯರು. ಅನಂತರ ಗಾಡಿರಸ್ತೆಗಳೂ ರೈಲೂ ಬಂದು ಅವರ ಹೇರೆತ್ತಿನ ವ್ಯಾಪಾರವನ್ನು ನುಂಗಿಹಾಕಿದುವು. ಗಳಿಕೆ ಹೋಯಿತು, ಗಳಿಸಿದ ಕಾಲದ ನಾಣ್ಯಗಳು ಮಾತ್ರ ಉಡುಪಿನ ಮೇಲೆ ಉಳಿದುವು.

ಆ ನಾಣ್ಯಗಳನ್ನು ಓದಬಲ್ಲವರಿಗೆ ಅವು ಪುಸ್ತಕದಂತೆ ತೆರೆದುಕೊಳ್ಳುತ್ತವೆ. 1835ರಲ್ಲಿ ಕಂಪನಿ ಸರಕಾರವು ತನ್ನ ಆಳ್ವಿಕೆಯ ಸೀಮೆಗಳಿಗೆಲ್ಲ ಒಂದೇ ತೂಕದ ರೂಪಾಯಿಯನ್ನು ತಂದಿತು. ತೂಕ ಒಂದು ತೊಲ, ಎಂದರೆ ಈಗಿನ ಲೆಕ್ಕದಲ್ಲಿ 11.66 ಗ್ರಾಂ, ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. 1835ರ ರೂಪಾಯಿಯ ಮೇಲೆ ನಾಲ್ಕನೆಯ ವಿಲಿಯಮ್ ದೊರೆಯ ತಲೆ, 1840ರದರ ಮೇಲೆ ತರುಣಿಯಾದ ವಿಕ್ಟೋರಿಯಾ ರಾಣಿಯ ತಲೆ ಇವೆ. ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಎಂಬ ಅಕ್ಷರಗಳಿವೆ. 1858ರಲ್ಲಿ ಕಂಪನಿಯ ಆಡಳಿತ ಮುಗಿದ ಮೇಲೆ, 1862ರಿಂದ ಕಿರೀಟ ತೊಟ್ಟ ರಾಣಿಯ ನಾಣ್ಯ ಬಂದಿತು. ಇಲ್ಲೊಂದು ವಿಚಿತ್ರವುಂಟು. ಅಂದಿನಿಂದ 1874ರವರೆಗೆ ಟಂಕಿಸಿದ ರೂಪಾಯಿಗಳೆಲ್ಲದರ ಮೇಲೂ 1862 ಎಂಬ ಒಂದೇ ವರ್ಷವನ್ನು ಒತ್ತುತ್ತ ಬಂದರು. ಆದುದರಿಂದ ಆ ವರ್ಷವನ್ನು ಕಂಡೊಡನೆ ನಾಣ್ಯದ ವಯಸ್ಸನ್ನು ನಿರ್ಧರಿಸಿಬಿಡುವುದು ಸರಿಯಲ್ಲ. ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಗೆ ಇನ್ನೊಂದು ಕಥೆಯಿದೆ. ದೊರೆಯ ನಿಲುವಂಗಿಯ ಮೇಲೆ ಕೆತ್ತಿದ್ದ ಪುಟ್ಟ ಆನೆಯು ಜನರ ಕಣ್ಣಿಗೆ ಹಂದಿಯಂತೆ ಕಂಡು ಗುಲ್ಲೆದ್ದಿತು. ಸರಕಾರವು ಆ ನಾಣ್ಯಗಳ ಚಲಾವಣೆಯನ್ನು ತಡೆದು, ಮರುವರ್ಷ ಆನೆಯ ಸೊಂಡಿಲನ್ನು ಸ್ಪಷ್ಟವಾಗಿ ಕೆತ್ತಿಸಿ ಹೊಸ ಅಚ್ಚನ್ನು ತರಬೇಕಾಯಿತು. ಸಾಮ್ರಾಜ್ಯವೂ ಪೇಟೆಯ ಮಾತಿಗೆ ಅಂಜಿದ ಪ್ರಸಂಗಗಳಲ್ಲಿ ಇದೊಂದು.

ಇವೆಲ್ಲಕ್ಕಿಂತ ಗಂಭೀರವಾದುದು ರಾಣಿಯ ತಲೆಯ ಸುತ್ತ ಇರುವ ಅಕ್ಷರಗಳಲ್ಲಿ ಆದ ಒಂದು ಬದಲಾವಣೆ. 1876ರವರೆಗಿನ ನಾಣ್ಯಗಳ ಮೇಲೆ ‘ವಿಕ್ಟೋರಿಯಾ ಕ್ವೀನ್’ ಎಂದಿದ್ದರೆ, 1877ರಿಂದ ‘ವಿಕ್ಟೋರಿಯಾ ಎಂಪ್ರೆಸ್’ ಎಂದಿದೆ. 1877ನೆಯ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ನನು ಭಾರಿ ದರ್ಬಾರು ನಡೆಯಿಸಿ, ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದುದರ ಗುರುತು ಅದು. ಅದೇ ತಿಂಗಳು ದಕ್ಷಿಣದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ ಮಳೆ ಕೈಕೊಟ್ಟು ಬಂದ ಆ ಬರದಿಂದ ಮೈಸೂರು ಸಂಸ್ಥಾನ ತತ್ತರಿಸಿಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರ ನೇರ ಆಡಳಿತದಲ್ಲಿದ್ದಿತು. 1831ರಲ್ಲಿ ಅವರ ಕೈಸೇರಿದ ರಾಜ್ಯ ಒಡೆಯರಿಗೆ ಮರಳಿದುದು 1881ರಲ್ಲಿ.

ಬರಗಾಲದಲ್ಲಿ ರೈತನ ಮನೆಯಿಂದ ಮೊದಲು ಹೊರಬೀಳುವುದು ಬೆಳ್ಳಿ. ಕಾಲ್ಗಡಗ, ಉಡಿದಾರ, ತೋಳಬಂದಿ, ರೂಪಾಯಿಯ ಸರ ಇವು ಸಾಹುಕಾರನ ತಕ್ಕಡಿಯನ್ನು ಸೇರಿ, ಅಲ್ಲಿಂದ ಮುಂಬಯಿಯ ಟಂಕಸಾಲೆಗೆ ಗಾಡಿಗಟ್ಟಲೆಯಾಗಿ ಹೋದುವು. ಆ ವರ್ಷಗಳಲ್ಲಿ ಕರಗಿಸಲು ಬಂದ ಒಡವೆಗಳ ರಾಶಿಯು ಸರಕಾರಿ ಅಧಿಕಾರಿಗಳನ್ನೇ ಬೆರಗುಗೊಳಿಸಿತು. ತೂಕಕ್ಕೆ ಮಾತ್ರ ಬೆಲೆ, ಕೆಲಸಕ್ಕೆ ಬೆಲೆಯಿಲ್ಲ. ಬೆಲೆಯೂ ಮಾರುವವನ ಹಸಿವನ್ನು ನೋಡಿ ನಿರ್ಧಾರವಾಗುತ್ತಿತ್ತು. ಎತ್ತು ಹೋಯಿತು, ನೇಗಿಲು ಹೋಯಿತು, ಕಡೆಗೆ ಅಡಿಗೆಯ ಪಾತ್ರೆಗಳೂ ಹೋದುವು. ಈ ಸೀಮೆಯ ಹಳ್ಳಿಗಳ ಮನೆಗಳಲ್ಲಿ 1877ಕ್ಕಿಂತ ಹಳೆಯ ಬೆಳ್ಳಿ ಅಷ್ಟಾಗಿ ಕಾಣದಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಅಂಥ ಮನೆಯೊಂದರಲ್ಲಿ ಕಂಪನಿ ಕಾಲದ ರೂಪಾಯಿಯ ಸರವಿದೆಯೆಂದರೆ, ಆ ಮನೆಯವರು ಅದನ್ನು ಮಾರದೆ ಬದುಕಿದರು ಎಂದಾದರೂ ಆಗಬೇಕು, ಮಾರಿದವರಿಂದ ಅಗ್ಗಕ್ಕೆ ಕೊಂಡರು ಎಂದಾದರೂ ಆಗಬೇಕು. ಒಡವೆಯು ಎರಡನ್ನೂ ಹೇಳಬಲ್ಲುದು. ಮನೆಯವರು ಮೊದಲನೆಯದನ್ನೇ ಹೇಳುತ್ತಾರೆ.

ಇನ್ನು ಇದೇ ಬೆಳ್ಳಿ ರೈತರ ಮನೆಗಳನ್ನು ಹೊಕ್ಕ ಬಗೆಯನ್ನು ನೋಡಬೇಕು. ಬರಕ್ಕೆ ಹದಿನೈದು ವರ್ಷ ಹಿಂದೆ ಅಮೆರಿಕದಲ್ಲಿ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಉತ್ತರದ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ಮುತ್ತಿದುದರಿಂದ ಅಲ್ಲಿನ ಹತ್ತಿ ಹೊರಬರದಾಯಿತು. ಇಂಗ್ಲೆಂಡಿನ ಲಂಕಾಷೈರ್ ಸೀಮೆಯ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ್ದೇ. ಗುಲಾಮರ ಕೈಯಿಂದ ಬಿಡಿಸಿದ ಆ ಹತ್ತಿ ನಿಂತೊಡನೆ ಗಿರಣಿಗಳು ನಿಂತುವು. ಇಂಗ್ಲೆಂಡಿನ ವ್ಯಾಪಾರಿಗಳ ಕಣ್ಣು ಭಾರತದತ್ತ ಹೊರಳಿತು. ಧಾರವಾಡದ ಕರಿಯ ನೆಲದಲ್ಲಿ 1840ರ ದಶಕದಲ್ಲಿಯೇ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿಯನ್ನು ಬೆಳೆಯುವ ಪ್ರಯೋಗ ಫಲಿಸಿದ್ದಿತು. ತುಂಗಭದ್ರೆಯ ಆಚೆಯ ದಡದ ರಾಣೆಬೆನ್ನೂರು ಸೀಮೆಯಿಂದ ಹುಬ್ಬಳ್ಳಿ, ಗದಗಗಳವರೆಗೆ ಬೆಳೆದ ಹತ್ತಿಯು ಘಟ್ಟ ಇಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಮುಂಬಯಿಗೂ ಮುಂದೆ ಲಿವರ್‌ಪೂಲಿಗೂ ಹೋಗುತ್ತಿತ್ತು. ಕುಮಟಾ ಎಂಬುದು ಬಂದರಿನ ಹೆಸರಾಗಿದ್ದುದು ಲಿವರ್‌ಪೂಲಿನ ಪೇಟೆಯಲ್ಲಿ ಹತ್ತಿಯ ಒಂದು ತಳಿಯ ಹೆಸರೇ ಆಗಿಬಿಟ್ಟಿತು. ಹತ್ತಿಯ ಬೆಲೆ ಗಗನಕ್ಕೇರಿತು. ಬಡ್ಡಿಯ ಹೊರೆಯಲ್ಲಿಯೇ ಹುಟ್ಟಿ ಬೆಳೆದಿದ್ದ ಒಕ್ಕಲಿಗನ ಕೈಯಲ್ಲಿ ಮೊದಲ ಬಾರಿಗೆ ರೂಪಾಯಿ ಆಡಿತು. ಆಡಿದ ರೂಪಾಯಿ ಒಡವೆಯಾಗಿ ಹೆಂಡತಿ ಮಕ್ಕಳ ಮೈಮೇಲೆ ಏರಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು ಮುಂಬಯಿಯ ದೊಡ್ಡ ದೊಡ್ಡ ವ್ಯಾಪಾರದ ಮನೆಗಳೇ ಮುಳುಗಿದುವು.

ಅದೇ ವರ್ಷಗಳಲ್ಲಿ ಲಂಕಾಷೈರಿನ ಮನೆಗಳಲ್ಲಿ ನಡೆದುದೇನು? ಇಂಗ್ಲೆಂಡಿನ ಸಾಮಾಜಿಕ ಚರಿತ್ರೆಯಲ್ಲಿ ಇದು ಹತ್ತಿಯ ಕ್ಷಾಮವೆಂದು ಹೆಸರಾಗಿದೆ. ಆದರೂ ಅದರ ವಿವರಗಳು ಸಾಮಾನ್ಯ ಓದುಗರಿಗೆ ಅಷ್ಟಾಗಿ ತಿಳಿದಿಲ್ಲ. 1862ರ ಕೊನೆಯ ಹೊತ್ತಿಗೆ ಆ ಸೀಮೆಯಲ್ಲಿ ಸುಮಾರು 5 ಲಕ್ಷ ಜನ ದಾನಧರ್ಮದ ಅನ್ನದಿಂದ ಜೀವ ಹಿಡಿದಿದ್ದರು. ಕೂಲಿಯಿಲ್ಲದ ಸಂಸಾರಗಳು ಒಂದೊಂದಾಗಿ ಮನೆಯ ಸಾಮಾನುಗಳನ್ನು ಗಿರವಿಯ ಅಂಗಡಿಗೆ ಒಯ್ದುವು. ಮೊದಲು ಗೋಡೆಯ ಗಡಿಯಾರ, ಆಮೇಲೆ ಭಾನುವಾರ ಉಡುವ ಬಟ್ಟೆ, ಆಮೇಲೆ ಮಂಚ, ಚಳಿಗಾಲದ ಹೊದಿಕೆ. ಅಜ್ಜಿಯ ಮದುವೆಯ ಉಂಗುರ ಗಿರವಿಯ ಕಪಾಟಿನಲ್ಲಿ ಕೂತಿತು. ಕೆಲಸ ಕಳೆದುಕೊಂಡ ಹುಡುಗಿಯರನ್ನು ಹೊಲಿಗೆಯ ಶಾಲೆಗಳಲ್ಲಿ ಕೂರಿಸಿ, ಹೊಲಿಗೆಯನ್ನೂ ಅಕ್ಷರವನ್ನೂ ಕಲಿಸಿ, ಅದಕ್ಕೆ ಪ್ರತಿಯಾಗಿ ಊಟದ ಚೀಟಿ ಕೊಟ್ಟರು. ಗಂಡಸರಿಂದ ಕಲ್ಲು ಒಡೆಸಿ ರಸ್ತೆ, ಉದ್ಯಾನಗಳನ್ನು ಮಾಡಿಸಿದರು. ಮಗ್ಗದ ನಯವಾದ ನೂಲಿಗೆ ಪಳಗಿದ ಕೈಗಳು ಕಲ್ಲು ಒಡೆದು ಬೊಕ್ಕೆಯೆದ್ದುವು.

ಆಗ ಅವರಿಗೆ ಸಿಕ್ಕಿದ ಭಾರತದ ಹತ್ತಿಯೂ ಅವರಿಗೆ ಹಿತವಾಗಲಿಲ್ಲ. ಅದಕ್ಕೆ ಅವರು ಸೂರತ್ ಎಂದು ಹೆಸರಿಟ್ಟಿದ್ದರು. ಎಳೆ ಗಿಡ್ಡ, ಜೊತೆಗೆ ಎಲೆ, ಬೀಜ, ಮಣ್ಣು. ತೂಕ ಹೆಚ್ಚಲೆಂದು ಮಧ್ಯವರ್ತಿಗಳು ಕಲ್ಲುಗಳನ್ನು ಬೆರೆಸುತ್ತಿದ್ದುದೂ ಉಂಟು. ನೂಲು ಮತ್ತೆ ಮತ್ತೆ ಕಡಿದು, ದಿನದ ಕೆಲಸ ಅರ್ಧವಾಗಿ, ಕೂಲಿಯೂ ಅರ್ಧವಾಗುತ್ತಿತ್ತು. ಕಡೆಗೆ ಸೂರತ್ ಎಂಬುದು ಲಂಕಾಷೈರಿನ ಆಡುಮಾತಿನಲ್ಲಿ ಕಳಪೆ ಮಾಲಿಗೆಲ್ಲ ಬೈಗುಳವಾಗಿ ನಿಂತಿತು. ಇತ್ತ ಒಕ್ಕಲಿಗನಿಗೆ ಬೆಳ್ಳಿಯ ಸರ ತಂದ ಹತ್ತಿಯೇ ಅತ್ತ ನೂಲುವವಳ ಬೆರಳನ್ನು ದಣಿಸಿತೆಂಬುದನ್ನು ಇಬ್ಬರೂ ಅರಿಯರು.

ಆದರೆ ಸಂಬಂಧ ಇಷ್ಟಕ್ಕೇ ಮುಗಿಯಲಿಲ್ಲ. ಲಂಕಾಷೈರಿನ ಸಂಕಟದ ಸುದ್ದಿ ಕೇಳಿ 1862-63ರಲ್ಲಿ ಭಾರತದ ಪಟ್ಟಣಗಳಿಂದಲೂ ಚಂದಾ ಹಣ ಹೋಯಿತು. ಹದಿನೈದು ವರ್ಷಗಳ ಅನಂತರ ಧಾತು ಈಶ್ವರದ ಬರದ ಸುದ್ದಿ ಅಲ್ಲಿಗೆ ಮುಟ್ಟಿದಾಗ, 1877ರ ಆಗಸ್ಟಿನಲ್ಲಿ ಲಂಡನ್ ನಗರದ ಮೇಯರನು ನಿಧಿಯನ್ನು ತೆರೆದನು. ಲಂಕಾಷೈರಿನ ಗಿರಣಿಯ ಊರುಗಳೂ ಹಣ ಕೂಡಿಸಿ ಕಳುಹಿಸಿದುವು. ಒಮ್ಮೆ ಗಿರವಿಯ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಬರವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸರಕಾರವು ಖರ್ಚನ್ನು ಹಿಡಿದು ಹಿಡಿದು ಮಾಡುತ್ತಿದ್ದ ಕಾಲದಲ್ಲಿ ಜನ ತಾವಾಗಿ ಕೊಟ್ಟ ಹಣ ಅದು.

ಟ್ರಂಕಿನ ತಳದಲ್ಲಿ ಕೆಲವೊಮ್ಮೆ ಬಣ್ಣದ ಒಂದು ಚೀಟಿ ಸಿಗುತ್ತದೆ. ಅಂಗೈಯಗಲದ ಅಥವಾ ಅದಕ್ಕಿಂತ ತುಸು ದೊಡ್ಡದಾದ ಕಾಗದ. ಮೇಲೆ ಲಕ್ಷ್ಮಿಯೋ ಗಣಪತಿಯೋ ಕೃಷ್ಣನೋ, ಇಲ್ಲವೆ ಹುಲಿ ಆನೆಗಳೋ, ಚಿನ್ನದ ಬಣ್ಣದ ಅಂಚು. ಕೆಲವು ಮನೆಗಳಲ್ಲಿ ಇದಕ್ಕೆ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಟ್ಟದ್ದೂ ಉಂಟು. ಇದು ದೇವರ ಪಟವಾಗಿ ಹುಟ್ಟಿದುದಲ್ಲ. ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಯ ತಾನಿನ ಮೇಲೆ ಅಂಟಿಸುತ್ತಿದ್ದ ವ್ಯಾಪಾರದ ಚೀಟಿ ಇದು. ಇಂಗ್ಲಿಷ್ ಓದಲಾರದ ಗಿರಾಕಿಯು ಚಿತ್ರವನ್ನು ನೋಡಿ ‘ಆನೆ ಛಾಪಿನದು ಕೊಡು’ ಎಂದು ಕೇಳಲಿ ಎಂಬುದು ಉದ್ದೇಶ. 1875ರಲ್ಲಿ ಇಂಗ್ಲೆಂಡಿನಲ್ಲಿ ವ್ಯಾಪಾರದ ಗುರುತುಗಳನ್ನು ನೋಂದಾಯಿಸುವ ಶಾಸನ ಬಂದ ಮೇಲೆ, ಬಟ್ಟೆಯ ಗುರುತುಗಳು ಲೆಕ್ಕವಿಲ್ಲದಷ್ಟು ಇದ್ದುದರಿಂದ ಅವುಗಳಿಗಾಗಿಯೇ ಮ್ಯಾಂಚೆಸ್ಟರಿನಲ್ಲಿ ಪ್ರತ್ಯೇಕ ಕಚೇರಿಯನ್ನು ತೆರೆಯಬೇಕಾಯಿತು. ಭಾರತವನ್ನು ಕಣ್ಣಿನಿಂದ ಕಂಡಿರದ ಚಿತ್ರಗಾರರು ಅಲ್ಲಿನ ಮುದ್ರಣಾಲಯಗಳಲ್ಲಿ ಕುಳಿತು ಈ ನಾಡಿನ ದೇವತೆಗಳನ್ನು ಬರೆದರು.

ಆ ಚೀಟಿಯನ್ನು ಹೊತ್ತು ಬಂದ ಬಟ್ಟೆಯ ಗುಣವನ್ನು ಕುರಿತು ಒಂದೆರಡು ಮಾತು ಹೇಳಬೇಕು. ಹತ್ತಿ ದುಬಾರಿಯಾದ ವರ್ಷಗಳಲ್ಲಿ ಲಂಕಾಷೈರಿನ ಗಿರಣಿಯವರು ನೂಲಿಗೆ ಹಚ್ಚುವ ಗಂಜಿಯಲ್ಲಿ ಪಿಂಗಾಣಿಯ ಬಿಳಿಯ ಜೇಡಿಮಣ್ಣನ್ನು ಬೆರೆಸಿ ಬಟ್ಟೆಯ ತೂಕ ಹೆಚ್ಚಿಸುವುದನ್ನು ಕಲಿತರು. ಹತ್ತಿ ಮತ್ತೆ ಅಗ್ಗವಾದ ಮೇಲೆಯೂ ಆ ವಿದ್ಯೆಯನ್ನು ಬಿಡಲಿಲ್ಲ. ಅಂಗಡಿಯಲ್ಲಿ ದಪ್ಪವಾಗಿ ಗರಿಗರಿಯಾಗಿ ಕಂಡ ಬಟ್ಟೆಯು ಮೊದಲ ಒಗೆತದಲ್ಲಿಯೇ ಮಣ್ಣನ್ನು ಕಳೆದುಕೊಂಡು ತೆಳ್ಳಗಾಗುತ್ತಿತ್ತು. ಇಲ್ಲಿ ಕೊಂಡವರಿಗೆ ಮೋಸ. ಅಲ್ಲಿ ನೇಯುವವರಿಗೆ ರೋಗ. ಜೇಡಿಯ ಧೂಳು ಮಗ್ಗದ ಶಾಲೆಯಲ್ಲಿ ತುಂಬಿ ನೇಕಾರರ ಎದೆಯನ್ನು ಹೊಕ್ಕಿತು. ನೇಯುವವರಲ್ಲಿ ಹೆಚ್ಚಿನವರು ಹೆಂಗಸರು. ಲಾಳಿಯ ಕಣ್ಣಿನಲ್ಲಿ ನೂಲನ್ನು ಪೋಣಿಸಲು ಅದಕ್ಕೆ ತುಟಿಯಿಟ್ಟು ಉಸಿರೆಳೆಯುವುದು ಅಲ್ಲಿನ ಪದ್ಧತಿ. ಒಬ್ಬಳು ತುಟಿಯಿಟ್ಟ ಲಾಳಿಗೆ ಇನ್ನೊಬ್ಬಳು ತುಟಿಯಿಡುತ್ತಿದ್ದುದರಿಂದ ಕ್ಷಯವೂ ಹರಡುವುದೆಂದು ವೈದ್ಯರು ಎಚ್ಚರಿಸಿದರು. ಯಂತ್ರಗಳ ಅಬ್ಬರದಲ್ಲಿ ಮಾತು ಕೇಳಿಸದಿದ್ದುದರಿಂದ ಆ ಹೆಂಗಸರು ತುಟಿಯ ಚಲನೆಯನ್ನು ನೋಡಿಯೇ ಮಾತನ್ನು ಅರಿಯುವುದನ್ನು ಕಲಿತಿದ್ದರು. ಮಕ್ಕಳ ಪಾಡೂ ಅಷ್ಟೆ. 1900ರ ಸುಮಾರಿನಲ್ಲಿ ಹನ್ನೆರಡು ವರ್ಷದ ಮಕ್ಕಳು ಅರ್ಧ ದಿನ ಗಿರಣಿಯಲ್ಲಿ ದುಡಿದು ಇನ್ನರ್ಧ ದಿನ ಶಾಲೆಯ ಹಲಗೆಯ ಮೇಲೆ ತೂಕಡಿಸುತ್ತಿದ್ದರು. ಆ ಪದ್ಧತಿಯನ್ನು ತೊಡೆದುಹಾಕಲು 1918ರ ಶಿಕ್ಷಣ ಶಾಸನವೇ ಬರಬೇಕಾಯಿತು. ದೇವರ ಕೋಣೆಯ ಆ ಬಣ್ಣದ ಚೀಟಿಯ ಹಿಂದೆ ಈ ಮಕ್ಕಳೂ ಇದ್ದಾರೆ.

ಹರಿಹರದ ಮನೆಗಳಲ್ಲಿ ಸಿಗುವ ಸೀಮೆಯ ವಸ್ತುಗಳಿಗೆ ಪೇಟೆಯಲ್ಲದೆ ಇನ್ನೊಂದು ದಾರಿಯೂ ಇದ್ದಿತು. ಊರಿನಿಂದ ಸುಮಾರು ಎರಡು ಮೈಲು ವಾಯವ್ಯಕ್ಕೆ ದಂಡಿನ ನೆಲೆಯೊಂದಿದ್ದು, ಅಲ್ಲಿ 1865ರವರೆಗೆ ಭಾರತೀಯ ಸಿಪಾಯಿಗಳ ಒಂದು ಪಟಾಲಮು ಇದ್ದಿತು. ತುಂಗಭದ್ರೆಯ ಈಚೆಗೆ ಮೈಸೂರು ಸೀಮೆ, ಆಚೆಗೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಗಡಿಯ ಹೊಳೆಯನ್ನು ಕಾಯಲು ಆ ದಂಡು. ದಂಡು ಇದ್ದಲ್ಲಿ ಸಂತೆಯುಂಟು, ದರ್ಜಿಯುಂಟು, ಅಗಸ, ಅಡಿಗೆಯವರುಂಟು. ದಂಡು ಎದ್ದುಹೋಗುವಾಗ ಭಾರದ ಸಾಮಾನು ಹರಾಜಿಗೆ ಬರುವುದು ದಂಡಿನೂರುಗಳಲ್ಲೆಲ್ಲ ರೂಢಿ. ದೊರೆಗಳ ಚರಿತ್ರೆಯಲ್ಲಿ ಈ ನೆಲೆಯ ಹೆಸರು ಒಂದು ಸಾಲಿನಲ್ಲಿ ಮುಗಿಯುತ್ತದೆ. ದಂಡು ಹೋದ ಮೂರು ವರ್ಷಕ್ಕೆ, 1868ರಲ್ಲಿ, ಬೆಂಗಳೂರು ಧಾರವಾಡ ಹೆದ್ದಾರಿಗೆ ಕಲ್ಲು ಇಟ್ಟಿಗೆಗಳ ಸೇತುವೆ ಹರಿಹರದಲ್ಲಿ ಮುಗಿಯಿತು. ಅದುವರೆಗೆ ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಬೇಕಾಗಿದ್ದ ಸರಕು, ಅಂದಿನಿಂದ ಗಾಡಿಯಲ್ಲಿಯೇ ದಾಟಿತು. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲೂ ಬಂದಿತು. ಸೀಮೆಎಣ್ಣೆಯ ದೀಪ, ಗಾಜಿನ ಬಳೆ, ಬಿಸ್ಕತ್ತಿನ ತಗಡಿನ ಡಬ್ಬಿ ಇವು ಊರಿನ ಒಳಮನೆಯನ್ನು ಸೇರಿದುದು ರೈಲಿನ ಕಾಲದಲ್ಲಿ. ಬಿಸ್ಕತ್ತು ತಿಂದವರು ಯಾರೋ. ಡಬ್ಬಿ ಮಾತ್ರ ಜಮೀನಿನ ಕಾಗದಗಳಿಗೆ ಪೆಟ್ಟಿಗೆಯಾಗಿ ಮೂರು ತಲೆಮಾರು ಬಾಳುತ್ತದೆ.

ಇಷ್ಟು ಹೇಳಿದ ಮೇಲೆ ಅಟ್ಟದ ಅತ್ಯಂತ ಸಾಮಾನ್ಯವಾದ ವಸ್ತುವಿಗೆ ಬರಬೇಕು. ಹಿತ್ತಾಳೆಯ ಕೊಳಗವನ್ನೋ ತಾಮ್ರದ ಬಿಂದಿಗೆಯನ್ನೋ ಹುಣಸೆಹಣ್ಣಿನಿಂದ ಉಜ್ಜಿ ಬೆಳಕಿಗೆ ಹಿಡಿದರೆ, ಕಂಠದ ಬಳಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಕಾಣುತ್ತವೆ. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ಊರು, ಕೆಲವೊಮ್ಮೆ ಯಾವ ವರ್ಷ ಎಂಬುದು ಅದರಲ್ಲಿರುತ್ತದೆ. ಪಾತ್ರೆಯ ಅಂಗಡಿಯ ಮುಂದೆ ಉಳಿ ಸುತ್ತಿಗೆ ಹಿಡಿದು ಕುಳಿತವನು ಅಕ್ಷರಕ್ಕೆ ಇಷ್ಟು ಎಂದು ಕಾಸು ತೆಗೆದುಕೊಂಡು ಕೊರೆಯುತ್ತಿದ್ದನು. ಅಕ್ಷರಕ್ಕೆ ಕಾಸಾದುದರಿಂದ ಮಾತು ಮಿತ. ಕಾಗುಣಿತದ ತಪ್ಪುಗಳೂ ಇರುತ್ತವೆ. ಆದರೆ ಅಂದಿನ ಹೆಣ್ಣುಮಗಳೊಬ್ಬಳ ಹೆಸರು ಲಿಖಿತವಾಗಿ ಉಳಿಯುತ್ತಿದ್ದುದು ಎಷ್ಟೋ ಮನೆಗಳಲ್ಲಿ ಇದೊಂದರಲ್ಲಿಯೇ. ಜಮೀನಿನ ಪಹಣಿಯಲ್ಲಿ ಅವಳ ಹೆಸರಿಲ್ಲ, ಲೆಕ್ಕದ ಪುಸ್ತಕದಲ್ಲಿ ಇಲ್ಲ. ವಂಶಾವಳಿ ಬರೆಯುವವರು ಗಂಡುಮಕ್ಕಳನ್ನು ಮಾತ್ರ ಎಣಿಸುತ್ತಾರೆ. ತವರಿನವರು ಕೊಟ್ಟ ಕೊಳಗದ ಕಂಠದಲ್ಲಿ ಮಾತ್ರ ಅವಳಿದ್ದಾಳೆ.

ಇಂಗ್ಲೆಂಡಿನಲ್ಲಿಯೂ ಇದಕ್ಕೆ ಸಮಾನವಾದುದುಂಟು. ಅಲ್ಲಿನ ಹುಡುಗಿಯರು ಶಾಲೆಯಲ್ಲಿಯೋ ಅನಾಥಾಲಯದಲ್ಲಿಯೋ ಹೊಲಿಗೆ ಕಲಿಯುವಾಗ ಒಂದು ತುಂಡು ಬಟ್ಟೆಯ ಮೇಲೆ ಅಕ್ಷರಮಾಲೆಯನ್ನೂ ಹೂಬಳ್ಳಿಯನ್ನೂ ಕಸೂತಿ ಹಾಕಿ, ಕೊನೆಗೆ ತಮ್ಮ ಹೆಸರು, ವಯಸ್ಸು, ವರ್ಷಗಳನ್ನು ಹೆಣೆಯುತ್ತಿದ್ದರು. ಮುಂದೆ ಯಾರ ಮನೆಯಲ್ಲಿಯೋ ಕೆಲಸದವಳಾಗಿ ದುಡಿದು ಸತ್ತವಳ ಹೆಸರು ಆ ಬಟ್ಟೆಯ ಮೇಲೆ ಉಳಿದುದರಿಂದ, ಇಂದು ಅಲ್ಲಿನ ವಸ್ತುಸಂಗ್ರಹಾಲಯಗಳು ಅವನ್ನು ಗಾಜಿನೊಳಗಿಟ್ಟು ಕಾಪಾಡುತ್ತಿವೆ. ಇಲ್ಲಿನ ಕೌದಿಗೆ ಹೆಸರು ಹೆಣೆಯುವ ರೂಢಿಯಿಲ್ಲ. ಸೀರೆ, ಧೋತರ, ಕೂಸಿನ ಅಂಗಿ ಇವುಗಳ ಹರಕುಗಳನ್ನು ಸೇರಿಸಿ ಹೊಲಿದ ಕೌದಿಯಲ್ಲಿ ಮನೆಮಂದಿಯೆಲ್ಲರ ಬಟ್ಟೆ ಇರುತ್ತದೆ. ಯಾವ ತುಂಡು ಯಾರದೆಂದು ಹೊಲಿದವಳು ಬಲ್ಲಳು. ಅವಳಿಂದ ಕೇಳಿದ ಮಗಳು ಬಲ್ಲಳು. ಮೊಮ್ಮಗಳಿಗೆ ಅದು ಹಳೆಯ ಕೌದಿ, ಅಷ್ಟೆ.

ಚರಕದ ಮಾತನ್ನೂ ಇಲ್ಲಿಯೇ ಹೇಳಬಹುದು. ವಿದೇಶಿ ಬಟ್ಟೆಯನ್ನು ಬಿಡಬೇಕೆಂದು ಗಾಂಧೀಜಿ ಕೊಟ್ಟ ಕರೆಯಿಂದ ಹಲವು ಮನೆಗಳಿಗೆ ಚರಕ ಬಂದಿತು. ಲಂಕಾಷೈರಿನ ಮಗ್ಗಗಳು ಮತ್ತೊಮ್ಮೆ ನಿಂತುವು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಲಂಕಾಷೈರಿನ ಡಾರ್ವೆನ್ ಎಂಬ ಊರಿಗೆ ತಾವಾಗಿಯೇ ಹೋಗಿ, ಕೆಲಸ ಕಳೆದುಕೊಂಡ ನೇಕಾರರ ನಡುವೆ ನಿಂತರು. ಸಿಟ್ಟಾಗಬೇಕಾಗಿದ್ದ ಜನ ಅವರನ್ನು ಸುತ್ತುವರಿದು ಹರ್ಷಧ್ವನಿ ಮಾಡಿದರು. ಆ ಗಿರಣಿಯ ಹೆಂಗಸರೊಡನೆ ಅವರು ನಿಂತ ಛಾಯಾಚಿತ್ರ ಪ್ರಸಿದ್ಧವಾಗಿದೆ. ಅತ್ತ ಗಿರಣಿಗಳು ಮುಚ್ಚುತ್ತಿರಲು ಇತ್ತ 20ನೆಯ ಶತಮಾನದ ನಡುಭಾಗದಲ್ಲಿ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಒಂದರ ಹಿಂದೆ 하나ೊಂದು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಹೆಸರಿನ ಜೊತೆಗೆ ಹಣೆಬರಹವೂ ಬಂದಿತೆಂಬಂತೆ, ಶತಮಾನ ಮುಗಿಯುವ ವೇಳೆಗೆ ಅವುಗಳಲ್ಲಿ ಬಹುಪಾಲು ಮುಚ್ಚಿಹೋದುವು. ಗಿರಣಿ ಕಾರ್ಮಿಕರ ಮನೆಗಳಲ್ಲಿ ಉಳಿದಿರುವ ಹಾಜರಿ ಚೀಟಿ, ಸಂಬಳದ ಪುಸ್ತಕಗಳು ಈಗಾಗಲೇ ಅಟ್ಟವನ್ನು ಸೇರಿವೆ. ರೂಪಾಯಿಯ ಸರಕ್ಕಿರುವ ಗೌರವ ಅವುಗಳಿಗೆ ಇನ್ನೂ ದೊರೆತಿಲ್ಲ.

ಉಕ್ಕಿನ ಪಾತ್ರೆಗಳು ಪೇಟೆಗೆ ಬಂದಂದಿನಿಂದ ಅಟ್ಟಗಳು ಬರಿದಾಗುತ್ತಿವೆ. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಹೊಸ ಸ್ಟೀಲು ಪಾತ್ರೆಯನ್ನು ತರುವುದು ಲಾಭದ ವ್ಯಾಪಾರವೆಂದು ಮನೆಗಳಲ್ಲಿ ಎಣಿಸುತ್ತಾರೆ. ಅಡಿಗೆಮನೆಯ ದೃಷ್ಟಿಯಿಂದ ಅವರು ಹೇಳುವುದು ಸುಳ್ಳಲ್ಲ; ಹಿತ್ತಾಳೆಗೆ ಆಗಾಗ ಕಲಾಯಿ ಹಾಕಿಸಬೇಕು, ದಿನವೂ ಉಜ್ಜಬೇಕು, ಉಜ್ಜುವ ಕೈ ಹೆಂಗಸರದು. ಇರುವುದನ್ನೆಲ್ಲ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ ಪಾತ್ರೆ ಕರಗುವ ಮೊದಲು ಕಂಠದ ಅಕ್ಷರಗಳನ್ನು ಒಂದು ಕಾಗದದ ಮೇಲೆ ಇಳಿಸಿಕೊಳ್ಳಲು ಹತ್ತು ನಿಮಿಷ ಸಾಕು. ಪಾತ್ರೆಯ ಮೇಲೆ ಕಾಗದವನ್ನು ಬಿಗಿಯಾಗಿ ಹಿಡಿದು, ಸೀಸದ ಕಡ್ಡಿಯನ್ನು ಓರೆಯಾಗಿ ಉಜ್ಜಿದರೆ ಚುಕ್ಕಿಗಳು ತಾವಾಗಿಯೇ ಮೂಡುತ್ತವೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳು ಸಹ ಹೀಗೆ ಓದಲು ಬರುವುದುಂಟು. ಅದರ ಕೆಳಗೆ ಆ ಹೆಸರಿನವಳು ಮನೆಯಲ್ಲಿ ಯಾರಿಗೆ ಏನಾಗಬೇಕು, ಅವಳ ತವರು ಯಾವುದು, ಕೊಟ್ಟವರು ಸೋದರಮಾವನೋ ಅಣ್ಣನೋ ಎಂಬುದನ್ನು ಬಲ್ಲ ಅಜ್ಜಿಯನ್ನು ಕೇಳಿ ಬರೆದು, ಬರೆದ ದಿನಾಂಕವನ್ನೂ ಹಾಕಿ, ಜಮೀನಿನ ಕಾಗದಗಳಿರುವ ಡಬ್ಬಿಯಲ್ಲಿಯೇ ಇಡಬಹುದು.